ಪರ್ಲ್ ಹಾರ್ಬರ್‌ಗೆ ಒಂದು ದಿನದ ಟೂರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹವಾಯಿಗೆ ಹೊರಟ ಕನ್ನಡದವರು, ಅದರಲ್ಲೂ ಊರಿಂದ ಅಪ್ಪ-ಅಮ್ಮನನ್ನು ಕರೆಸಿಕೊಂಡು ಅಮೆರಿಕ ತೋರಿಸುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲು ಸುಲಭದವು, ಆಮೇಲೆ ಟಿಕೆಟ್ಟು-ಬ್ಯಾಗಿನ ವಿಷಯ, ಕೊನೆಗೆ ಇತಿಹಾಸ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ಸಾಕು.

## ಮೊದಲ ಸಲ ಹೋಗುವವರಿಗೆ

ಪರ್ಲ್ ಹಾರ್ಬರ್ ಅಂದ್ರೆ ನಿಜಕ್ಕೂ ಏನು? ಅಲ್ಲಿ ನೋಡೋಕೆ ಏನಿದೆ?

ಅದು ಓವಾಹು ದ್ವೀಪದಲ್ಲಿ, ಹೊನೊಲುಲು ಪಕ್ಕದಲ್ಲೇ ಇರುವ ಅಮೆರಿಕದ ನೌಕಾನೆಲೆ. ಇವತ್ತಿಗೂ ಕೆಲಸ ಮಾಡುತ್ತಿರುವ ನೆಲೆ, ಹಳೇ ಕೋಟೆಯಂಥ ಜಾಗ ಅಲ್ಲ. ನೋಡುವವರಿಗೆ ನಾಲ್ಕು ಜಾಗಗಳಿವೆ. ಒಂದು, ಮುಳುಗಿದ ಅರಿಜೋನಾ ಯುದ್ಧನೌಕೆಯ ಮೇಲೆ ಕಟ್ಟಿದ ಬಿಳಿ ಸ್ಮಾರಕ. ಇನ್ನೊಂದು ಮಿಸೌರಿ ಯುದ್ಧನೌಕೆ, ಅದು ಇನ್ನೂ ತೇಲುತ್ತಿದೆ. ಮತ್ತೆ ಬೋಫಿನ್ ಸಬ್‌ಮರೀನು, ಹಾಗೆಯೇ ಹಳೆಯ ಹ್ಯಾಂಗರುಗಳಲ್ಲಿರುವ ವಿಮಾನ ಮ್ಯೂಸಿಯಂ. ಜನ "ಪರ್ಲ್ ಹಾರ್ಬರ್ ನೋಡಿದೆವು" ಅನ್ನುವಾಗ ಸಾಮಾನ್ಯವಾಗಿ ಅರಿಜೋನಾದ ಮಾತೇ ಆಗಿರುತ್ತದೆ.

ನಂಗೆ ಯುದ್ಧದ ಕಥೆ ಏನೂ ಗೊತ್ತಿಲ್ಲ. ಸುಮ್ನೆ ಹೋದ್ರೆ ಅರ್ಥ ಆಗುತ್ತಾ?

ಇಷ್ಟು ತಿಳಿದುಕೊಂಡು ಹೋಗಿ. 1941ರ ಡಿಸೆಂಬರ್ 7, ಭಾನುವಾರ. ಅಮೆರಿಕ ಆಗಿನ್ನೂ ಎರಡನೇ ಮಹಾಯುದ್ಧಕ್ಕೆ ಇಳಿದಿರಲಿಲ್ಲ. ಜಪಾನಿನ ಆರು ವಿಮಾನವಾಹಕ ನೌಕೆಗಳು ಯಾರ ಕಣ್ಣಿಗೂ ಬೀಳದೆ ಉತ್ತರದ ಸಮುದ್ರದಿಂದ ಬಂದಿದ್ದವು. ಬೆಳಿಗ್ಗೆ 7:55ರ ಹೊತ್ತಿಗೆ ದಾಳಿ ಶುರುವಾಯಿತು. ಎರಡು ಅಲೆಗಳಲ್ಲಿ ಬಂದ ವಿಮಾನಗಳು ಒಟ್ಟು ಸುಮಾರು 350. ಬಂದರಿನಲ್ಲಿ ಸಾಲಾಗಿ ಕಟ್ಟಿ ನಿಲ್ಲಿಸಿದ್ದ ದೊಡ್ಡ ಯುದ್ಧನೌಕೆಗಳೇ ಅವುಗಳ ಗುರಿ. 2,403 ಜನ ಸತ್ತರು, ಅವರಲ್ಲಿ 68 ಜನ ಸಾಮಾನ್ಯ ನಾಗರಿಕರು. ಮಾರನೇ ದಿನವೇ ಅಮೆರಿಕ ಜಪಾನಿನ ಮೇಲೆ ಯುದ್ಧ ಸಾರಿತು.

ಸತ್ತವರಲ್ಲಿ 1,177 ಜನ ಅರಿಜೋನಾ ಒಂದೇ ಹಡಗಿನವರು. ಹತ್ತಿರತ್ತಿರ ಅರ್ಧದಷ್ಟು. ಈ ಒಂದು ಸಂಖ್ಯೆ ತಲೆಯಲ್ಲಿದ್ದರೆ, ಆ ಬಿಳಿ ಕಟ್ಟಡ ಅಲ್ಲೇ ಯಾಕೆ ಇದೆ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಎಂಟ್ರಿ ಫ್ರೀ ಅಂತಾರೆ. ಮತ್ತೆ ಟೂರ್‌ನವರು ಯಾಕೆ ಅಷ್ಟೊಂದು ದುಡ್ಡು ಕೇಳ್ತಾರೆ?

ಎರಡೂ ನಿಜ. ವಿಸಿಟರ್ ಸೆಂಟರಿಗೆ, ಅಲ್ಲಿನ ಎರಡು ಗ್ಯಾಲರಿಗಳಿಗೆ, ಅರಿಜೋನಾಗೆ ಹೋಗುವ ಬೋಟಿಗೆ ದುಡ್ಡಿಲ್ಲ. ಬೋಟಿನ ಜಾಗ ಆನ್‌ಲೈನಿನಲ್ಲಿ ಕಾಯ್ದಿರಿಸಲು ತಲೆಗೆ 1 ಡಾಲರ್ ಶುಲ್ಕ, ಅಷ್ಟೇ. ಸ್ವಂತ ಕಾರಿನಲ್ಲಿ ಹೋದರೆ ಪಾರ್ಕಿಂಗಿಗೆ 7 ಡಾಲರ್. ಮಿಸೌರಿ, ಬೋಫಿನ್, ವಿಮಾನ ಮ್ಯೂಸಿಯಂ ಮೂರಕ್ಕೂ ಬೇರೆ ಬೇರೆ ಟಿಕೆಟ್ ತೆಗೆದುಕೊಳ್ಳಬೇಕು, ಅವನ್ನು ನಡೆಸುವ ಸಂಸ್ಥೆಗಳೇ ಬೇರೆ.

ಟೂರ್‌ನವರಿಗೆ ನೀವು ಕೊಡುವ ದುಡ್ಡು ಬಸ್ಸಿಗೆ, ಗೈಡಿಗೆ, ಟಿಕೆಟ್ ಹೊಂದಿಸುವ ತಲೆನೋವಿಗೆ. ಹೊನೊಲುಲುವಿನ ವೈಕೀಕಿ ಬೀಚ್ ಕಡೆಯ ಹೋಟೆಲ್ ಬಾಗಿಲಿಂದ ಹತ್ತಿಸಿಕೊಂಡು ಮತ್ತೆ ಅಲ್ಲೇ ಬಿಡುತ್ತಾರೆ. ಇಬ್ಬರು ಮೂವರು ಗಟ್ಟಿಮುಟ್ಟಾದವರು ಹೋಗುವುದಾದರೆ ಸ್ವಂತವಾಗಿ ಹೋಗಿ, ಸಿಟಿ ಬಸ್ಸೂ ಇದೆ. ವಯಸ್ಸಾದವರಿದ್ದರೆ, ಕಾರು ಬಾಡಿಗೆಗೆ ತೆಗೆದುಕೊಂಡಿಲ್ಲದಿದ್ದರೆ, ಟೂರ್‌ಗೆ ಕೊಟ್ಟ ದುಡ್ಡು ದಂಡವಲ್ಲ.

ಅರ್ಧ ದಿನ ಸಾಕಾ, ಇಡೀ ದಿನ ಬೇಕಾ?

ಅರಿಜೋನಾ ಮಾತ್ರ ಆದರೆ ಅರ್ಧ ದಿನ ಸಾಕು. ಆದರೆ ನನ್ನ ಸಲಹೆ, ಅರಿಜೋನಾ ಮತ್ತು ಮಿಸೌರಿ ಎರಡನ್ನೂ ಒಂದೇ ದಿನದಲ್ಲಿ, ಅದೇ ಕ್ರಮದಲ್ಲಿ ನೋಡಿ. ಅಮೆರಿಕಕ್ಕೆ ಯುದ್ಧ ಶುರುವಾದದ್ದು ಒಂದರ ಮೇಲೆ, ಮುಗಿದದ್ದು ಇನ್ನೊಂದರ ಮೇಲೆ. ಈಗ ಎರಡೂ ಒಂದಕ್ಕೊಂದು ಮುಖ ಮಾಡಿಕೊಂಡಿವೆ. ನಾಲ್ಕನ್ನೂ ಒಂದೇ ದಿನದಲ್ಲಿ ಮುಗಿಸುತ್ತೇವೆ ಅಂತ ಹೊರಟವರು ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ, ಕೊನೆಯದನ್ನು ಬರೀ ಹಾಜರಿ ಹಾಕಿ ಬರುತ್ತಾರೆ.

## ಬುಕಿಂಗ್ ವಿಷಯ

ನಮ್ಮ ತಾರೀಕಿಗೆ ಟಿಕೆಟ್ ಖಾಲಿ ಅಂತ ತೋರಿಸ್ತಿದೆ. ಇನ್ನೇನು ಮಾಡೋದು?

ಗಾಬರಿ ಬೇಡ. ರಿಕ್ರಿಯೇಶನ್ ಡಾಟ್ ಗವ್ ಅನ್ನುವ ಸರ್ಕಾರಿ ತಾಣದಲ್ಲಿ ಟಿಕೆಟ್ಟುಗಳನ್ನು ಎರಡು ಸಲ ಬಿಡುತ್ತಾರೆ. ಎಂಟು ವಾರ ಮೊದಲು ಒಂದಷ್ಟು, ಹೋಗುವ ಹಿಂದಿನ ದಿನ ಇನ್ನೊಂದಷ್ಟು. ಎರಡೂ ಹವಾಯಿ ಸಮಯ ಮಧ್ಯಾಹ್ನ 3 ಗಂಟೆಗೆ. ನೀವು ಬೆಂಗಳೂರಿಂದ ಬುಕ್ ಮಾಡುತ್ತಿದ್ದರೆ ಅದು ಮಾರನೇ ದಿನ ಬೆಳಿಗ್ಗೆ 6:30. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಾದರೆ ಸಂಜೆ 6, ಚಳಿಗಾಲದಲ್ಲಿ 5. ಮೊದಲೇ ಲಾಗಿನ್ ಆಗಿ ಕುಳಿತಿರಿ, ಬೇಗ ಖಾಲಿಯಾಗುತ್ತವೆ.

ಅದೂ ತಪ್ಪಿದರೆ, ಬೆಳಿಗ್ಗೆ ಬೇಗ ಹೋಗಿ ಸ್ಟ್ಯಾಂಡ್‌ಬೈ ಸಾಲಿನಲ್ಲಿ ನಿಲ್ಲಬಹುದು. ಬೋಟಿನಲ್ಲಿ ಸೀಟು ಉಳಿದರೆ ಹತ್ತಿಸಿಕೊಳ್ಳುತ್ತಾರೆ. ದೊಡ್ಡ ಗುಂಪಾಗಿದ್ದರೆ ಇದನ್ನು ನೆಚ್ಚಿಕೊಳ್ಳಬೇಡಿ.

ಟೂರ್ ಕಂಪನಿ ಆರಿಸುವಾಗ ಏನು ನೋಡ್ಬೇಕು? ಎಲ್ಲರದೂ ಒಂದೇ ಥರ ಕಾಣುತ್ತೆ.

ಒಂದೇ ಥರ ಕಾಣುತ್ತವೆ, ಆದರೆ ಇರುವುದಿಲ್ಲ. ಮೊದಲ ಪ್ರಶ್ನೆ ಇದು: ಅರಿಜೋನಾ ಸ್ಮಾರಕಕ್ಕೆ ಹೋಗುವ ಬೋಟಿನ ಟಿಕೆಟ್ ಇದರಲ್ಲಿ ಖಂಡಿತ ಸೇರಿದೆಯಾ? "ಪರ್ಲ್ ಹಾರ್ಬರ್ ಟೂರ್" ಅಂತ ಬರೆದಿದ್ದು, ದಡದಿಂದ ಬರೀ ತೋರಿಸಿ ಕರೆದುಕೊಂಡು ಬರುವ ಟೂರ್‌ಗಳೂ ಇವೆ. ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿ. ಇಲ್ಲವೇ ನೇರವಾಗಿ ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.

ಎರಡನೆಯದು ಸಮಯ. ತುಂಬಾ ಟೂರ್‌ಗಳು ಪರ್ಲ್ ಹಾರ್ಬರ್ ಜೊತೆಗೆ ಹೊನೊಲುಲು ನಗರ, ಇಯೊಲಾನಿ ಅರಮನೆ, ಕಮೆಹಮೆಹಾ ರಾಜನ ಪ್ರತಿಮೆ, ಪಂಚ್‌ಬೌಲ್ ಸೈನಿಕ ಸ್ಮಶಾನ ಎಲ್ಲವನ್ನೂ ತುರುಕುತ್ತವೆ. ಹೆಚ್ಚಿನವನ್ನು ಬಸ್ಸಿನ ಕಿಟಕಿಯಿಂದಲೇ ನೋಡಬೇಕು. ಅರಮನೆ ಒಳ್ಳೆಯ ಜಾಗ, ಅದಕ್ಕೆ ಬೇರೆ ದಿನ ಕೊಡಿ. ಗ್ಯಾಲರಿಗಳನ್ನು ನೋಡಲು ಕಡಿಮೆ ಅಂದರೂ ಒಂದು ಗಂಟೆ ಬಿಡುವು ಕೊಡುವ ಟೂರ್ ಆರಿಸಿ. ಅದನ್ನು ಕೊಡದಿದ್ದರೆ ನೀವು ಹಡಗು ನೋಡಿ ಬರುತ್ತೀರಿ, ಅದು ಯಾಕೆ ಮುಳುಗಿತು ಅಂತ ತಿಳಿಯದೆ ಬರುತ್ತೀರಿ.

ಇನ್ನೊಂದು ಮಾತು. "ಗೈಡ್ ಇರುತ್ತಾರೆ" ಅಂದರೆ ಅವರು ಹೆಚ್ಚಾಗಿ ಮಾತಾಡುವುದು ದಾರಿಯಲ್ಲಿ, ಬಸ್ಸಿನಲ್ಲಿ. ಸ್ಮಾರಕದ ಮೇಲೆ ಯಾರೂ ಮೈಕು ಹಿಡಿದು ವಿವರಿಸುವುದಿಲ್ಲ. ಅದೇ ಸರಿ ಕೂಡ.

ನಾವು ಮಾವಿ ದ್ವೀಪದಲ್ಲಿ ಉಳ್ಕೊಂಡಿದ್ದೀವಿ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರೋಕಾಗುತ್ತಾ?

ಆಗುತ್ತದೆ. ಮಾವಿ, ಕವಾಯಿ, ಬಿಗ್ ಐಲ್ಯಾಂಡ್ ಎಲ್ಲ ಕಡೆಯಿಂದಲೂ ವಿಮಾನದ ಟಿಕೆಟ್ ಸೇರಿಸಿದ ಒಂದು ದಿನದ ಟೂರ್‌ಗಳಿವೆ. ಹೊನೊಲುಲು ವಿಮಾನ ನಿಲ್ದಾಣ ಪರ್ಲ್ ಹಾರ್ಬರ್‌ಗೆ ತೀರಾ ಹತ್ತಿರ. ಬೆಳಗಿನ ಜಾವ ಏಳಬೇಕು, ದಿನ ಉದ್ದ. ಸಣ್ಣ ಮಕ್ಕಳಿದ್ದರೆ ಯೋಚಿಸಿ.

ಪಾಸ್‌ಪೋರ್ಟ್ ಬೇಕಾ? ಮಿಲಿಟರಿ ಜಾಗ ಅಲ್ವಾ?

ವಿಸಿಟರ್ ಸೆಂಟರಿಗೂ ಅರಿಜೋನಾ ಬೋಟಿಗೂ ಪಾಸ್‌ಪೋರ್ಟ್ ತೋರಿಸಬೇಕಿಲ್ಲ. ಮಿಸೌರಿ ಮತ್ತು ವಿಮಾನ ಮ್ಯೂಸಿಯಂ ಇರುವುದು ಫೋರ್ಡ್ ದ್ವೀಪದಲ್ಲಿ, ಅದು ನೆಲೆಯ ಒಳಗಿನ ಜಾಗ. ಅಲ್ಲಿಗೆ ನಮ್ಮಂಥವರು ಸ್ವಂತ ಕಾರಿನಲ್ಲಿ ಹೋಗುವಂತಿಲ್ಲ, ವಿಸಿಟರ್ ಸೆಂಟರಿನಿಂದ ಹೊರಡುವ ಶಟಲ್ ಬಸ್ಸಿನಲ್ಲೇ ಹೋಗಬೇಕು. ಆದರೂ ಭಾರತದಿಂದ ಬಂದವರು ಪಾಸ್‌ಪೋರ್ಟ್ ಜೊತೆಯಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು. ಬೇರೆ ದ್ವೀಪದಿಂದ ವಿಮಾನದಲ್ಲಿ ಬರುವವರಿಗಂತೂ ಗುರುತಿನ ಚೀಟಿ ಬೇಕೇ ಬೇಕು.

## ಹೋಗುವ ದಿನ

ಬ್ಯಾಗ್ ತಗೊಂಡು ಹೋಗಬಾರದು ಅಂತಾರೆ. ನಿಜಾನಾ? ಅಮ್ಮನ ವ್ಯಾನಿಟಿ ಬ್ಯಾಗ್ ಕೂಡ?

ಹೌದು, ಅದೂ ಬಿಡುವುದಿಲ್ಲ. ಬೆನ್ನಿಗೆ ಹಾಕುವ ಬ್ಯಾಗು, ಕ್ಯಾಮೆರಾ ಬ್ಯಾಗು, ಮಗುವಿನ ಡಯಾಪರ್ ಬ್ಯಾಗು, ಸೊಂಟಕ್ಕೆ ಕಟ್ಟುವ ಪೌಚು, ಏನನ್ನಾದರೂ ಬಚ್ಚಿಡಬಹುದಾದ ಯಾವುದೂ ಒಳಗೆ ಹೋಗಲ್ಲ. ಫೋನು, ಕ್ಯಾಮೆರಾ, ಪರ್ಸು ಕೈಯಲ್ಲಿ ಹಿಡಿದುಕೊಳ್ಳಬಹುದು. ನೀರಿನ ಬಾಟಲಿ ಪರವಾಗಿಲ್ಲ. ಒಳಗಿರುವುದು ಕಾಣುವ ಪಾರದರ್ಶಕ ಪ್ಲಾಸ್ಟಿಕ್ ಚೀಲ ಇದ್ದರೆ ಮಾತ್ರೆ, ಕನ್ನಡಕ, ಸ್ವೆಟರ್ ಅದರಲ್ಲಿ ಹಾಕಿಕೊಳ್ಳಿ. ಮರೆತು ಬ್ಯಾಗ್ ತಂದವರಿಗೆ ಬಾಗಿಲ ಹತ್ತಿರ ದುಡ್ಡು ಕೊಟ್ಟು ಇಡುವ ವ್ಯವಸ್ಥೆ ಇದೆ, ಆದರೆ ಅಲ್ಲಿನ ಸಾಲಿನಲ್ಲಿ ನಿಂತು ಬೋಟ್ ತಪ್ಪಿಸಿಕೊಳ್ಳುವುದು ಬೇಡ. ಕಾರಿನಲ್ಲಿ ಬೆಲೆಬಾಳುವ ಸಾಮಾನು ಬಿಟ್ಟು ಹೋಗಬೇಡಿ.

ಎಷ್ಟು ಹೊತ್ತಿಗೆ ಅಲ್ಲಿರಬೇಕು?

ನಿಮ್ಮ ಬೋಟಿನ ಸಮಯಕ್ಕಿಂತ ಒಂದು ಗಂಟೆ ಮೊದಲು. ವಿಸಿಟರ್ ಸೆಂಟರ್ ಬೆಳಿಗ್ಗೆ 7ಕ್ಕೆ ತೆರೆಯುತ್ತದೆ, ಸಂಜೆ 5ಕ್ಕೆ ಮುಚ್ಚುತ್ತದೆ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್, ಹೊಸ ವರ್ಷದ ದಿನ ರಜೆ. ಆದಷ್ಟು ಬೆಳಗಿನ ಬೋಟ್ ಹಿಡಿಯಿರಿ. ಬಿಸಿಲು ಕಡಿಮೆ, ಜನ ಕಡಿಮೆ. ಗಾಳಿ ಜೋರಾದರೆ ಬೋಟ್ ನಿಲ್ಲಿಸಿಬಿಡುತ್ತಾರೆ, ಅದಕ್ಕೇ ಇದನ್ನು ವಾಪಸ್ ಹೊರಡುವ ದಿನಕ್ಕೆ ಇಟ್ಟುಕೊಳ್ಳಬೇಡಿ.

ಯಾವ ಬಟ್ಟೆ ಹಾಕ್ಕೊಂಡು ಹೋಗಬೇಕು? ಬೀಚಿಂದ ಹಾಗೇ ಹೋದ್ರೆ ನಡಿಯುತ್ತಾ?

ಬೇಡ. ಈಜುವ ಬಟ್ಟೆಯಲ್ಲಿ ಹೋಗುವ ಜಾಗವಲ್ಲ. ಚಡ್ಡಿ, ಟೀ ಶರ್ಟ್, ಚಪ್ಪಲಿ ನಡೆಯುತ್ತದೆ, ಸೀರೆ-ಚೂಡಿದಾರ ಉಟ್ಟವರಿಗೂ ಕಷ್ಟವಿಲ್ಲ. ಟೋಪಿ ಮತ್ತು ಸನ್‌ಸ್ಕ್ರೀನ್ ಮರೆಯಬೇಡಿ, ವಿಸಿಟರ್ ಸೆಂಟರಿನ ಬಹುಭಾಗ ಬಯಲಲ್ಲೇ ಇದೆ. ಮಿಸೌರಿ ಹತ್ತುವುದಾದರೆ ಜಾರದ ಶೂ ಇರಲಿ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಸಿಗುತ್ತೆ?

ಹೊಟ್ಟೆ ತುಂಬಾ ತಿಂಡಿ ತಿಂದುಕೊಂಡೇ ಹೊರಡಿ. ಬೋಟಿನಲ್ಲಿ, ಸ್ಮಾರಕದ ಮೇಲೆ ನೀರು ಬಿಟ್ಟು ಏನೂ ತಿನ್ನುವಂತಿಲ್ಲ. ವಿಸಿಟರ್ ಸೆಂಟರಿನಲ್ಲಿ ಚಿಪ್ಸ್, ಐಸ್‌ಕ್ರೀಂ ಥರದ್ದು ಸಿಗುತ್ತದೆ, ಊಟ ಅಂತ ನಂಬಿಕೊಂಡು ಹೋಗಬೇಡಿ. ದಾರಿಯ ಅಂಗಡಿಗಳಲ್ಲಿ ಅನ್ನದ ಮುದ್ದೆಗೆ ಕಡಲಕಳೆ ಸುತ್ತಿದ ಮುಸುಬಿ ಕಾಣಿಸುತ್ತದೆ. ಅನ್ನ ಅಂತ ಆಸೆಯಿಂದ ತಗೊಳ್ಳುವ ಮೊದಲು ನೋಡಿ, ಅದರ ಮೇಲೆ ಇರುವುದು ಹಂದಿಮಾಂಸದ ಸ್ಪ್ಯಾಮ್. ಮಲಸಾಡಾ ಅನ್ನುವ ಸಿಹಿ ಬನ್ನಿಗೆ ಮೊಟ್ಟೆ ಹಾಕಿರುತ್ತಾರೆ. ಹಣ್ಣು ಧಾರಾಳ ಸಿಗುತ್ತದೆ, ಪಪ್ಪಾಯ ಚೆನ್ನಾಗಿರುತ್ತದೆ.

ಅಪ್ಪನಿಗೆ ಮಂಡಿನೋವು, ಮಗು ಜೊತೆ ಇದೆ. ಕಷ್ಟ ಆಗುತ್ತಾ?

ಅರಿಜೋನಾಗೆ ಕಷ್ಟ ಇಲ್ಲ. ಬೋಟಿಗೆ ಇಳಿಜಾರಿನ ದಾರಿಯಿದೆ, ವೀಲ್‌ಚೇರ್ ಹೋಗುತ್ತದೆ. ಮಿಸೌರಿಯಲ್ಲಿ ಮುಖ್ಯ ಡೆಕ್ ನೋಡಬಹುದು, ಒಳಗೆ ಇಳಿಯಲು ಏಣಿಯಂಥ ಕಡಿದಾದ ಮೆಟ್ಟಿಲುಗಳಿವೆ. ಬೋಫಿನ್ ಸಬ್‌ಮರೀನು ಮಂಡಿನೋವಿನವರಿಗೆ ಬೇಡವೇ ಬೇಡ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಕಾಲೆತ್ತಿ, ತಲೆ ಬಗ್ಗಿಸಿ, ದುಂಡು ಬಾಗಿಲಿನಲ್ಲಿ ತೂರಬೇಕು. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಅದರೊಳಗೆ ಬಿಡುವುದೂ ಇಲ್ಲ.

ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಅವರಿಗೆ ಬೋರ್ ಆಗಲ್ವಾ?

ಕನ್ನಡದಲ್ಲಿ ಗೈಡ್ ಸಿಗುವುದಿಲ್ಲ, ಆ ಕೆಲಸ ನೀವೇ ಮಾಡಬೇಕು. ಹಿಂದಿನ ರಾತ್ರಿ ಕೂತು ಕಥೆ ಹೇಳಿ. ಯುದ್ಧತಂತ್ರ ಬೇಡ, ಜನರ ಬಗ್ಗೆ ಹೇಳಿ. ಅರಿಜೋನಾದಲ್ಲಿ ಅಣ್ಣತಮ್ಮಂದಿರು ಒಟ್ಟಿಗೇ ಕೆಲಸ ಮಾಡುತ್ತಿದ್ದರು. ಒಟ್ಟಿಗೇ ಸತ್ತ ಅಣ್ಣತಮ್ಮಂದಿರು ಎಷ್ಟೋ ಜನ. ಅಪ್ಪ-ಮಗ ಇಬ್ಬರೂ ಸತ್ತಿದ್ದಾರೆ. ಹಡಗಿನ ವಾದ್ಯವೃಂದದ 21 ಹುಡುಗರಲ್ಲಿ ಒಬ್ಬನೂ ಉಳಿಯಲಿಲ್ಲ. ಇಷ್ಟು ಕೇಳಿಕೊಂಡು ಬಂದ ತಾಯಿಗೆ ಆ ಹೆಸರುಗಳ ಗೋಡೆ ಓದಲು ಇಂಗ್ಲಿಷ್ ಬೇಕಿಲ್ಲ. ಒಂದೇ ಮನೆತನದ ಹೆಸರು ಒಂದರ ಕೆಳಗೊಂದು ಬಂದದ್ದನ್ನು ಬೆರಳಿಟ್ಟು ತೋರಿಸಿ, ಸಾಕು.

## ಅರಿಜೋನಾ ಸ್ಮಾರಕದ ಮೇಲೆ

ಬೋಟ್ ಹತ್ತಿದ ಮೇಲೆ ಏನೇನಾಗುತ್ತೆ? ಎಷ್ಟು ಹೊತ್ತು ಬಿಡ್ತಾರೆ?

ಹೋಗಿ ಬರುವುದೆಲ್ಲ ಸೇರಿ ಸುಮಾರು 45 ನಿಮಿಷ. ಬೋಟ್ ನಡೆಸುವವರು ನೌಕಾಪಡೆಯವರೇ. ಹೋಗುವಾಗ ಫೋರ್ಡ್ ದ್ವೀಪದ ಅಂಚಿಗೆ ನೀರಿನಿಂದ ಎದ್ದ ಬಿಳಿ ಕಾಂಕ್ರೀಟ್ ದಿಮ್ಮಿಗಳು ಕಾಣುತ್ತವೆ, ಅವುಗಳ ಮೇಲೆ ಹಡಗುಗಳ ಹೆಸರು ಬರೆದಿದೆ. ಅವತ್ತು ಬೆಳಿಗ್ಗೆ ಯಾವ ಹಡಗನ್ನು ಎಲ್ಲಿ ಕಟ್ಟಿದ್ದರು ಅನ್ನುವ ಗುರುತು ಅವು. ಬೋಟಿನಲ್ಲಿ ಕುಳಿತೇ ಆ ಸಾಲನ್ನು ನೋಡಿಕೊಳ್ಳಿ.

ಸ್ಮಾರಕ 184 ಅಡಿ ಉದ್ದ. ಹಡಗಿನ ಮೇಲೆ ಅಡ್ಡಲಾಗಿ ನಿಂತಿದೆ, ಆದರೆ ಹಡಗಿಗೆ ಎಲ್ಲೂ ತಾಗುವುದಿಲ್ಲ. ಎರಡು ತುದಿ ಎತ್ತರ, ಮಧ್ಯ ತಗ್ಗು. ವಿನ್ಯಾಸ ಮಾಡಿದವರು ಆಲ್ಫ್ರೆಡ್ ಪ್ರೈಸ್. ಮೊದಲ ಹೆಮ್ಮೆ, ಮಧ್ಯದ ಸೋಲು, ಕೊನೆಯ ಗೆಲುವು ಅಂತ ಅದಕ್ಕೆ ಅರ್ಥ. ಆಸ್ಟ್ರಿಯಾದಲ್ಲಿ ಹುಟ್ಟಿ ಹೊನೊಲುಲುವಿಗೆ ಬಂದಿದ್ದ ಈ ಮನುಷ್ಯನನ್ನು ದಾಳಿಯಾದ ಮೇಲೆ ಶತ್ರುದೇಶದವನು ಅಂತ ಅಮೆರಿಕದವರೇ ಸ್ಯಾಂಡ್ ಐಲ್ಯಾಂಡಿನಲ್ಲಿ ಕೂಡಿಹಾಕಿದ್ದರು. ಇಪ್ಪತ್ತು ವರ್ಷದ ಮೇಲೆ ಅದೇ ಪ್ರೈಸ್ ಇದರ ವಿನ್ಯಾಸ ಮಾಡಿಕೊಟ್ಟರು. 1962ರಲ್ಲಿ ಉದ್ಘಾಟನೆಯಾಯಿತು. ಇದಕ್ಕೆ ದುಡ್ಡು ಸಾಲದೆ ಬಂದಾಗ 1961ರಲ್ಲಿ ಗಾಯಕ ಎಲ್ವಿಸ್ ಪ್ರೆಸ್ಲಿ ಪರ್ಲ್ ಹಾರ್ಬರ್‌ನಲ್ಲೇ ಸಂಗೀತ ಕಛೇರಿ ಕೊಟ್ಟು 50 ಸಾವಿರ ಡಾಲರಿಗೂ ಜಾಸ್ತಿ ಎತ್ತಿಕೊಟ್ಟಿದ್ದರು.

ಒಳಗೆ ಮಧ್ಯದಲ್ಲಿ ನೆಲಕ್ಕೆ ಒಂದು ಕಿಂಡಿಯಿದೆ. ಅಲ್ಲಿಂದ ಕೆಳಗೆ ಹಡಗಿನ ಮೈ ಕಾಣುತ್ತದೆ, ಮೀನುಗಳು ಓಡಾಡುತ್ತಿರುತ್ತವೆ. ಪಕ್ಕಕ್ಕೆ ನೋಡಿದರೆ ನೀರಿನ ಮೇಲೆ ತುಕ್ಕು ಹಿಡಿದ ದೊಡ್ಡ ಕಬ್ಬಿಣದ ಬಳೆ, ಅದು ಮೂರನೇ ತೋಪುಗೋಪುರದ ಬುಡ. ಕೊನೆಯಲ್ಲಿ ಅಮೃತಶಿಲೆಯ ಗೋಡೆ, ಅದರ ಮೇಲೆ ಎಲ್ಲರ ಹೆಸರು. ಮೇಲೆ ನಿಮಗೆ ಸಿಗುವುದು ಹದಿನೈದೋ ಇಪ್ಪತ್ತೋ ನಿಮಿಷ. ಫೋಟೋ ತೆಗೆಯಬಹುದು. ನನ್ನ ಕೇಳಿದರೆ ಮೊದಲು ಗೋಡೆಯ ಹತ್ತಿರ ಹೋಗಿ, ಜನ ಎಲ್ಲ ಕಿಂಡಿಯ ಸುತ್ತ ಸೇರಿರುವಾಗ ಅಲ್ಲಿ ಖಾಲಿ ಇರುತ್ತದೆ.

ಹಡಗಿನಿಂದ ಇನ್ನೂ ಎಣ್ಣೆ ಬರ್ತಿದೆ ಅಂತಾರಲ್ಲ, ಅದು ನಿಜಾನಾ?

ನಿಜ. ನಿಂತು ನೋಡಿದರೆ ಕಾಣುತ್ತದೆ. ತಳದಿಂದ ಒಂದು ಹನಿ ಮೇಲೆ ಬರುತ್ತದೆ, ನೀರಿನ ಮೇಲೆ ಮುಟ್ಟಿದ ಕೂಡಲೇ ಹರಡಿ ಬಣ್ಣ ಬಣ್ಣ ಆಗುತ್ತದೆ, ಮಳೆಗಾಲದಲ್ಲಿ ಪೆಟ್ರೋಲ್ ಬಂಕಿನ ಮುಂದಿನ ಗುಂಡಿಯಲ್ಲಿ ಕಾಣುತ್ತದಲ್ಲ, ಹಾಗೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ವಾಸನೆಯೂ ಬರುತ್ತದೆ. ದಿನಕ್ಕೆ ಒಂದಷ್ಟು ಲೀಟರ್ ಹೀಗೆ ಸೋರುತ್ತಿದೆ. ದಾಳಿಯ ಹಿಂದಿನ ದಿನವಷ್ಟೇ ಹಡಗಿಗೆ ಎಣ್ಣೆ ತುಂಬಿಸಿದ್ದರು, ಬಹಳಷ್ಟು ಉರಿದುಹೋದರೂ ಒಳಗೆ ಇನ್ನೂ ಉಳಿದಿದೆ. ಅಲ್ಲಿನವರು ಇದನ್ನು ಅರಿಜೋನಾದ ಕಣ್ಣೀರು ಅನ್ನುತ್ತಾರೆ.

ಹಡಗನ್ನ ಯಾಕೆ ಮೇಲೆತ್ತಲಿಲ್ಲ? ಒಳಗಿದ್ದವರನ್ನ ಹೊರಗೆ ತೆಗೀಲಿಲ್ವಾ?

ಬೆಳಿಗ್ಗೆ 8:06ರ ಸುಮಾರಿಗೆ ಒಂದು ಬಾಂಬು ಮುಂಭಾಗದ ಡೆಕ್ಕುಗಳನ್ನು ಸೀಳಿಕೊಂಡು ಒಳಹೊಕ್ಕಿತು. ಮದ್ದುಗುಂಡು ತುಂಬಿಟ್ಟಿದ್ದ ಕೋಣೆಗಳೇ ಸಿಡಿದವು. ಕೆಲವೇ ನಿಮಿಷಗಳಲ್ಲಿ ಹಡಗು ತಳ ಮುಟ್ಟಿತು, ಬೆಂಕಿ ಎರಡು ದಿನಕ್ಕೂ ಜಾಸ್ತಿ ಉರಿಯಿತು. ಮುಂಭಾಗ ಪೂರ್ತಿ ನುಜ್ಜುಗುಜ್ಜು. ಬೇರೆ ಹಡಗುಗಳನ್ನು ಎತ್ತಿ ರಿಪೇರಿ ಮಾಡಿ ಮತ್ತೆ ಯುದ್ಧಕ್ಕೆ ಕಳಿಸಿದ ನೌಕಾಪಡೆ ಇದನ್ನು ಮಾತ್ರ ಕೈಬಿಟ್ಟಿತು. ಮೇಲಿನ ಭಾಗ ಕತ್ತರಿಸಿ ತೆಗೆದರು, ದೊಡ್ಡ ತೋಪುಗಳಲ್ಲಿ ಕೆಲವನ್ನು ಬಿಚ್ಚಿಕೊಂಡು ಹೋದರು.

ಸ್ವಲ್ಪ ಜನರ ದೇಹ ತೆಗೆಯಲು ಆಯಿತು. 900ಕ್ಕೂ ಹೆಚ್ಚು ಜನ ಇವತ್ತಿಗೂ ಒಳಗೇ ಇದ್ದಾರೆ. ಹಾಗಾಗಿ ಇದು ನೆನಪಿಗೆ ಕಟ್ಟಿದ ಮಂಟಪ ಮಾತ್ರ ಅಲ್ಲ, ಸಮಾಧಿಯೇ. ಅವತ್ತು ಬದುಕುಳಿದವರು ಸುಮಾರು 335 ಜನ. ಅವರಲ್ಲಿ 44 ಜನ ತಾವು ಸತ್ತ ಮೇಲೆ ತಮ್ಮ ಬೂದಿಯನ್ನು ಇದೇ ಹಡಗಿಗೆ ಸೇರಿಸಿ ಅಂತ ಕೇಳಿಕೊಂಡಿದ್ದರು. ಮುಳುಗುಗಾರರು ಅಸ್ಥಿಪಾತ್ರೆಯನ್ನು ಕೈಯಲ್ಲಿ ಹಿಡಿದು ನೀರೊಳಗೆ ಇಳಿದು, ನಾಲ್ಕನೇ ತೋಪುಗೋಪುರದ ಬುಡದಲ್ಲಿ ಇಟ್ಟು ಬರುತ್ತಿದ್ದರು. ಹಾಗೆ ಕೊನೆಯದಾಗಿ ಸೇರಿದವರು ಲಾರೆನ್ ಬ್ರೂನರ್, 2019ರ ಡಿಸೆಂಬರ್ 7ರಂದು. ಅರಿಜೋನಾದಿಂದ ಬದುಕಿ ಉಳಿದ ಕೊನೆಯ ವ್ಯಕ್ತಿ ಲೂ ಕಾಂಟರ್, 2024ರ ಏಪ್ರಿಲಿನಲ್ಲಿ 102ನೇ ವಯಸ್ಸಿಗೆ ತೀರಿಕೊಂಡರು. ದೊಡ್ಡ ಗೋಡೆಯ ಮುಂದಿರುವ ಚಿಕ್ಕ ಕಲ್ಲುಗಳ ಮೇಲಿರುವುದು ಹೀಗೆ ಆಮೇಲೆ ಬಂದು ಸೇರಿಕೊಂಡವರ ಹೆಸರು. ಎಷ್ಟೋ ಜನ ಅದನ್ನು ಗಮನಿಸದೆ ಬಂದುಬಿಡುತ್ತಾರೆ, ನೀವು ನೋಡಿ.

ಸಮಾಧಿ ಅಂತೀರಲ್ಲ, ಚಪ್ಪಲಿ ಬಿಡಬೇಕಾ? ಹೂವು ಹಾಕಬಹುದಾ? ಮನೆಗೆ ಬಂದು ಸ್ನಾನ ಮಾಡಬೇಕಾ ಅಂತ ಅಜ್ಜಿ ಕೇಳ್ತಿದ್ದಾರೆ.

ಚಪ್ಪಲಿ ಬಿಡುವ ಪದ್ಧತಿ ಇಲ್ಲ. ನೀರಿಗೆ ಹೂವು, ಕಾಸು ಏನನ್ನೂ ಹಾಕಬೇಡಿ. ಕೈಮುಗಿದು ನಿಂತರೆ ಯಾರೂ ಏನೂ ಅನ್ನುವುದಿಲ್ಲ, ಅವರವರ ದೇಶದ ರೀತಿಯಲ್ಲಿ ಜನ ನಮಸ್ಕಾರ ಮಾಡುವುದು ಅಲ್ಲಿ ಸಾಮಾನ್ಯ. ಫೋನ್ ಸೈಲೆಂಟಿನಲ್ಲಿಡಿ, ಮೆಲ್ಲಗೆ ಮಾತಾಡಿ. ಗುಂಪಾಗಿ ನಿಂತು ನಗುತ್ತಾ ಸೆಲ್ಫಿ ತೆಗೆಯುವುದು ನಿಜಕ್ಕೂ ಬೇಡ, ಪಕ್ಕದಲ್ಲಿ ನಿಂತವರು ಸತ್ತವರ ಮನೆಯವರೇ ಆಗಿರಬಹುದು. ಸ್ನಾನ ಅಜ್ಜಿಯ ಇಷ್ಟ. ಮನಸ್ಸಿಗೆ ಸಮಾಧಾನ ಆಗುವುದಾದರೆ ಮಾಡಲಿ.

## ಮಿಸೌರಿ ಮತ್ತು ಉಳಿದವು

ಮಿಸೌರಿಗೆ ಬೇರೆ ಟಿಕೆಟ್ ದುಡ್ಡು ಕೊಟ್ಟು ಹೋಗೋದು ವರ್ತ್ ಇದೆಯಾ?

ಇದೆ, ಅನುಮಾನವೇ ಬೇಡ. 1945ರ ಸೆಪ್ಟೆಂಬರ್ 2ರಂದು ಟೋಕಿಯೋ ಕೊಲ್ಲಿಯಲ್ಲಿ ಈ ಹಡಗಿನ ಡೆಕ್ಕಿನ ಮೇಲೆಯೇ ಜಪಾನ್ ಶರಣಾಗತಿಗೆ ಸಹಿ ಹಾಕಿತು. ಮೇಜು ಇಟ್ಟಿದ್ದ ಜಾಗದಲ್ಲಿ ನೆಲಕ್ಕೆ ದುಂಡು ಫಲಕ ಕೂರಿಸಿದ್ದಾರೆ. ಟಿಕೆಟ್ಟಿನಲ್ಲೇ ಗೈಡ್ ಟೂರ್ ಸೇರಿದೆ, ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ, ತಪ್ಪಿಸಿಕೊಳ್ಳಬೇಡಿ.

ಗೈಡ್ ಹೇಳದಿದ್ದರೂ ನೀವಾಗಿ ಕೇಳಿ ನೋಡಬೇಕಾದದ್ದು ಹಡಗಿನ ಬಲಮಗ್ಗುಲಲ್ಲಿರುವ ಒಂದು ತಗ್ಗು. 1945ರ ಏಪ್ರಿಲ್ 11ರಂದು ಒಬ್ಬ ಕಾಮಿಕಾಜೆ, ಅಂದರೆ ಆತ್ಮಾಹುತಿ ದಾಳಿಯ ವೈಮಾನಿಕ ತನ್ನ ವಿಮಾನವನ್ನು ಇಲ್ಲಿಗೆ ಅಪ್ಪಳಿಸಿದ. ಹಡಗಿಗೆ ಹೆಚ್ಚೇನೂ ಆಗಲಿಲ್ಲ, ಅವನ ದೇಹ ಡೆಕ್ಕಿನ ಮೇಲೆ ಬಿತ್ತು. ಅದನ್ನು ಹಾಗೇ ನೀರಿಗೆ ಎಸೆಯಿರಿ ಅನ್ನುವ ಸಿಟ್ಟು ನಾವಿಕರಿಗೆ ಇದ್ದೇ ಇತ್ತು. ಆದರೆ ಕ್ಯಾಪ್ಟನ್ ವಿಲಿಯಂ ಕ್ಯಾಲಹನ್ ಬಿಡಲಿಲ್ಲ. ಅವನೂ ತನ್ನ ದೇಶಕ್ಕಾಗಿ ಕರ್ತವ್ಯ ಮಾಡಿದ ಸೈನಿಕ ಅಂತ ಹೇಳಿ, ಮಾರನೇ ದಿನ ಸೈನಿಕ ಗೌರವದೊಂದಿಗೆ ಸಮುದ್ರಕ್ಕೆ ಒಪ್ಪಿಸಿದರು. ಹಡಗಿನಲ್ಲಿದ್ದವರೇ ಬಟ್ಟೆ ಹೊಲಿದು ಜಪಾನಿನ ಬಾವುಟ ಮಾಡಿದ್ದರು. ಯುದ್ಧ ಇನ್ನೂ ನಡೆಯುತ್ತಿದ್ದ ಹೊತ್ತು ಅದು. ಆ ತಗ್ಗಿನ ಮುಂದೆ ನಿಂತು ಈ ಕಥೆ ಕೇಳುವುದಕ್ಕೇ ಟಿಕೆಟ್ ತೆಗೆದುಕೊಳ್ಳಬಹುದು.

ಬೋಫಿನ್, ವಿಮಾನ ಮ್ಯೂಸಿಯಂ ಎರಡರಲ್ಲಿ ಒಂದೇ ಆದ್ರೆ ಯಾವುದು?

ಮಕ್ಕಳಿಗೆ ಸಬ್‌ಮರೀನು. ವಿಸಿಟರ್ ಸೆಂಟರಿನ ಪಕ್ಕದಲ್ಲೇ ಇದೆ, ಬೇಗ ಮುಗಿಯುತ್ತದೆ. ವಿಮಾನಗಳ ಹುಚ್ಚಿರುವವರು ಮ್ಯೂಸಿಯಂಗೆ ಹೋಗಿ. 79ನೇ ಹ್ಯಾಂಗರಿನ ಕಿಟಕಿ ಗಾಜುಗಳಲ್ಲಿ ಅವತ್ತಿನ ಗುಂಡಿನ ತೂತುಗಳು ಹಾಗೇ ಇವೆ.

## ಸ್ವಲ್ಪ ಆಳಕ್ಕೆ

ಅಲ್ಲಿ ಬರೀ ಅಮೆರಿಕದ ಕಡೆ ಕಥೆನೇ ಹೇಳ್ತಾರಾ? ಜಪಾನಿನವರನ್ನ ರಾಕ್ಷಸರ ಥರ ತೋರಿಸ್ತಾರಾ?

ಇಲ್ಲ, ಇದು ನನಗೆ ತುಂಬಾ ಹಿಡಿಸಿದ ವಿಷಯ. ಗ್ಯಾಲರಿಯಲ್ಲಿ ಜಪಾನಿಗೆ ಎಣ್ಣೆ ಯಾಕೆ ಬೇಕಿತ್ತು, ಅಮೆರಿಕ ಅದನ್ನು ಹೇಗೆ ತಡೆಯಿತು, ಚೀನಾದಲ್ಲಿ ಏನು ನಡೆಯುತ್ತಿತ್ತು ಎಲ್ಲ ಹೇಳುತ್ತಾರೆ. ದಾಳಿಯ ಯೋಜನೆ ಮಾಡಿದ ಯಮಮೋಟೊ ಅಮೆರಿಕದಲ್ಲಿ ಓದಿದವರು, ಅಮೆರಿಕದ ಶಕ್ತಿ ಏನು ಅಂತ ಬಲ್ಲವರು. ಅಲ್ಲಿ ಟಾರ್ಪಿಡೋ ಮುಂದೆ ಸ್ವಲ್ಪ ನಿಲ್ಲಿ. ಬಂದರಿನ ಆಳ ಬರೀ 12 ಮೀಟರ್ ಸುಮಾರು. ವಿಮಾನದಿಂದ ಬಿಟ್ಟ ಟಾರ್ಪಿಡೋ ಅಷ್ಟು ಕಡಿಮೆ ನೀರಿನಲ್ಲಿ ಕೆಸರಿಗೆ ಚುಚ್ಚಿಕೊಳ್ಳುತ್ತದೆ ಅಂತ ಅಮೆರಿಕದವರು ನಿಶ್ಚಿಂತೆಯಲ್ಲಿದ್ದರು. ಜಪಾನಿನವರು ಬಾಲಕ್ಕೆ ಮರದ ರೆಕ್ಕೆ ಕಟ್ಟಿ ಆ ತೊಡಕು ಬಿಡಿಸಿದರು.

ಅಮೆರಿಕದ ತಪ್ಪುಗಳನ್ನೂ ಮುಚ್ಚಿಟ್ಟಿಲ್ಲ. ಬೆಳಿಗ್ಗೆ 7:02ಕ್ಕೇ ಓವಾಹುವಿನ ಒಪಾನಾ ಅನ್ನುವಲ್ಲಿದ್ದ ರೇಡಾರಿನಲ್ಲಿ ದೊಡ್ಡ ಗುಂಪು ಕಂಡಿತ್ತು. ತಮ್ಮದೇ ಬಿ-17 ಬಾಂಬರ್ ವಿಮಾನಗಳು ಬರುತ್ತಿವೆ ಅಂತ ಅದನ್ನು ತಳ್ಳಿಹಾಕಿದರು. ದಾಳಿಯಾದ ಮೇಲೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಿಗೆ ಅಟ್ಟಿದ್ದೂ, ಹವಾಯಿಯ ಜಪಾನಿ ಮೂಲದ ಹುಡುಗರೇ ಆಮೇಲೆ 100ನೇ ಬೆಟಾಲಿಯನ್ ಆಗಿ ಯುರೋಪಿನಲ್ಲಿ ಅಮೆರಿಕಕ್ಕಾಗಿ ಹೋರಾಡಿದ್ದೂ ತಿಳಿದುಕೊಳ್ಳಬೇಕಾದ ಕಥೆಗಳು.

ಮುಳುಗಿದ್ದು ಅರಿಜೋನಾ ಒಂದೇನಾ?

ಅಲ್ಲ. ಎಂಟು ಯುದ್ಧನೌಕೆಗಳಿಗೂ ಪೆಟ್ಟು ಬಿತ್ತು, ಅವುಗಳಲ್ಲಿ ಆರು ಮತ್ತೆ ಕೆಲಸಕ್ಕೆ ಬಂದವು. ಓಕ್ಲಹೋಮಾ ಮಗುಚಿಕೊಂಡು 429 ಜನ ಸತ್ತರು. ಹೆಸರಿಲ್ಲದೆ ಹೂಳಿದ್ದ ಅವರ ಅಸ್ಥಿಗಳನ್ನು 2015ರಲ್ಲಿ ಪಂಚ್‌ಬೌಲಿನಿಂದ ಹೊರತೆಗೆದು, ಡಿಎನ್‌ಎ ಪರೀಕ್ಷೆ ಮಾಡಿ, ಬಹುತೇಕ ಎಲ್ಲರ ಗುರುತು ಹಿಡಿದು ಮನೆಯವರಿಗೆ ಒಪ್ಪಿಸಿದರು. ಓಕ್ಲಹೋಮಾದ ಸ್ಮಾರಕ ಮಿಸೌರಿಯ ಹತ್ತಿರವೇ ಇದೆ, ಶಟಲ್ ಇಳಿದಾಗ ನೋಡಬಹುದು. ಯೂಟಾ ಅನ್ನುವ ಹಡಗು ಫೋರ್ಡ್ ದ್ವೀಪದ ಆಚೆ ಬದಿಯಲ್ಲಿ ಇನ್ನೂ ಬಿದ್ದಿದೆ, ಅಲ್ಲಿಗೆ ಸಾಮಾನ್ಯ ಪ್ರವಾಸಿಗರಿಗೆ ಪ್ರವೇಶ ಇಲ್ಲ.

ಇದಕ್ಕೂ ಭಾರತಕ್ಕೂ ಏನಾದ್ರೂ ಸಂಬಂಧ ಇದೆಯಾ?

ಜಾಸ್ತಿಯೇ ಇದೆ. ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬೀಳುವುದಕ್ಕೆ ಒಂದು ಗಂಟೆಗೂ ಮೊದಲೇ ಜಪಾನಿ ಸೈನ್ಯ ಮಲಯಾದ (ಈಗಿನ ಮಲೇಷ್ಯಾ) ಕೋಟಾ ಭರು ಕಡಲತೀರದಲ್ಲಿ ಇಳಿಯಲು ಶುರು ಮಾಡಿತ್ತು. ಅಲ್ಲಿ ಮರಳಿನ ಬಂಕರುಗಳಲ್ಲಿ ನಿಂತು ಅವರನ್ನು ಎದುರಿಸಿದವರು ನಮ್ಮ ಡೋಗ್ರಾ ರೆಜಿಮೆಂಟಿನ ಸೈನಿಕರು. ತಾರೀಕು ಅಲ್ಲಿ ಆಗಲೇ ಡಿಸೆಂಬರ್ 8 ಆಗಿತ್ತು, ಹಾಗಾಗಿ ಹಿಂದೆ-ಮುಂದೆ ಆದಂತೆ ಕಾಣುತ್ತದೆ.

ಪರ್ಲ್ ಹಾರ್ಬರ್‌ಗೆ ಬಂದ ಆರು ವಿಮಾನವಾಹಕಗಳಲ್ಲಿ ಐದು, ಅವತ್ತು ಅವನ್ನು ನಡೆಸಿದ್ದ ಅಡ್ಮಿರಲ್ ನಗುಮೊ ನೇತೃತ್ವದಲ್ಲೇ, ನಾಲ್ಕು ತಿಂಗಳಲ್ಲಿ ನಮ್ಮ ಸಮುದ್ರಕ್ಕೆ ಬಂದವು. 1942ರ ಏಪ್ರಿಲ್ 5ರಂದು ಕೊಲಂಬೊ, 9ರಂದು ಟ್ರಿಂಕೊಮಲಿ ಮೇಲೆ ದಾಳಿ ಮಾಡಿದವು. ಮಧ್ಯೆ 6ರಂದು ಇನ್ನೊಂದು ಜಪಾನಿ ನೌಕಾದಳದ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬ್ ಹಾಕಿದವು.

ಕರ್ನಾಟಕದ ನಂಟೂ ಇದೆ. ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ, 1943ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಆಡಳಿತವನ್ನು ಅಮೆರಿಕದ ವಾಯುದಳಕ್ಕೆ ವಹಿಸಿದರು. ಕ್ಯಾಟಲಿನಾ ಥರದ ವಿಮಾನಗಳು ರಿಪೇರಿಗೆ ಅಲ್ಲಿಗೆ ಬರುತ್ತಿದ್ದವು. ಪರ್ಲ್ ಹಾರ್ಬರ್ ದಾಳಿಯ ದಿನ ಫೋರ್ಡ್ ದ್ವೀಪದಲ್ಲೂ ಓವಾಹುವಿನ ಕನಿಯೋಹೆ ನೆಲೆಯಲ್ಲೂ ಸುಟ್ಟು ಬೂದಿಯಾದವು ಅದೇ ಮಾದರಿಯ ವಿಮಾನಗಳು.

ಅಮೆರಿಕಕ್ಕೆ ಹೋಗೋಕಾಗಲ್ಲ. ನಮ್ಮ ದೇಶದಲ್ಲೇ ಇಂಥ ಜಾಗ ಇದೆಯಾ?

ಇದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ಕ್ಷಿಪಣಿ ದೋಣಿಯನ್ನು ದಡದ ಮೇಲೆ ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. ಗೋಕರ್ಣ, ಗೋವಾ ಕಡೆ ಹೋಗುವವರು ಒಂದು ಗಂಟೆ ಕೊಟ್ಟರೆ ಸಾಕು. ವಿಶಾಖಪಟ್ಟಣದ ಆರ್.ಕೆ. ಬೀಚಿನಲ್ಲಿ ಕುರ್ಸುರಾ ಸಬ್‌ಮರೀನು ಇದೆ, ಒಳಗೆ ಪೂರ್ತಿ ನಡೆದು ನೋಡಬಹುದು.

ಅರಿಜೋನಾಗೆ ಹತ್ತಿರದ ಕಥೆ ಬೇಕಿದ್ದರೆ ದಿಯುಗೆ ಹೋಗಿ. 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಸಬ್‌ಮರೀನೊಂದರ ಟಾರ್ಪಿಡೋಗೆ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಅದರೊಂದಿಗೆ ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಹಡಗು ಇನ್ನೂ ಸಮುದ್ರದ ತಳದಲ್ಲೇ ಇದೆ. ದಿಯುವಿನ ದಡದಲ್ಲಿ ಗುಡ್ಡದ ಮೇಲೆ ಗಾಜಿನ ಗೂಡಿನಲ್ಲಿ ಅದರ ಮಾದರಿ ಇಟ್ಟಿದ್ದಾರೆ. ಗುಜರಾತಿನ ಸೋಮನಾಥಕ್ಕೆ ಹೋಗುವ ಕನ್ನಡದವರು ಬಹಳ, ದಿಯು ಅಲ್ಲಿಂದ ಎರಡು ಗಂಟೆ ದಾರಿ.